ಅಮ್ಮನ ಪಾಲು

"ಮನೆಗೆಲ್ಲ ಒಂದು ಅಡುಗೆ, ಇವಳೊಬ್ಬಳಿಗೇ ಇನ್ನೊಂದು! ನಾನು ಮನುಷ್ಯಳೋ, ಯಂತ್ರವೋ ಅಪ್ಪಾ?"

ಅಕ್ಕ ಸೌಟನ್ನು ಕುಕ್ಕಿದಳು. ದಿನವಿಡೀ ಅಂಗಡಿಯಲ್ಲಿ ಬಟ್ಟೆ ಹೊಲಿದು ಬಂದವಳು ತಂಗಿಗೆಂದೇ ಖಾರವಿಲ್ಲದ, ಮೆತ್ತಗಿನ ಅಡುಗೆ ಬೇರೆ ಮಾಡಬೇಕಿತ್ತು. ತಾಯಿಕಡೆಯ ಅಜ್ಜಿಯ ಹಾಗೆಯೇ ಅಮ್ಮನೂ ಹೊಟ್ಟೆಯ ಕ್ಯಾನ್ಸರಿನಿಂದ ಹೋದ ಮೇಲೆ ಮನೆಯಲ್ಲಿ ಇದೇ ಕಾನೂನು. ತಂಗಿಗೆ ಅಮ್ಮನದೇ ಕಣ್ಣು, ಅಮ್ಮನದೇ ನಗು. ಅಂದಮೇಲೆ ಅಮ್ಮನ ಕಾಯಿಲೆಯೂ ಅವಳಿಗೇ ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು. ಅವಳು ತೇಗಿದರೂ ಆಸ್ಪತ್ರೆಗೆ ಓಟ! ಅಕ್ಕ ಹೊಟ್ಟೆನೋವೆಂದರೆ, "ನಿಂದು ನನ್ನ ಹೊಟ್ಟೆ ಕಣೇ, ಕಲ್ಲು ತಿಂದ್ರೂ ಕರಗುತ್ತೆ" ಎಂಬ ನಗು. ಅಮ್ಮನ ರೂಪವೂ ಅವಳಿಗೆ, ಅಪ್ಪನ ಕಾಳಜಿಯೂ ಅವಳಿಗೆ... ಅಕ್ಕ ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದಳು. ಕಾಯಿಲೆಯ ಭಯದ ಮೇಲೂ ಅಸೂಯೆಪಡುವವರುಂಟೇ? ಉಂಟು ನೋಡಿ, ಇವಳಿದ್ದಳು!

ಅಮ್ಮನ ಕಾಯಿಲೆ ಮಕ್ಕಳಿಗೂ ಇಳಿದಿದೆಯೇ ಎಂದು ತಿಳಿಯುವ ರಕ್ತಪರೀಕ್ಷೆ ಇಬ್ಬರಿಗೂ ಆಗಲೇಬೇಕೆಂದು ಆಸ್ಪತ್ರೆಯ ಡಾಕ್ಟರಮ್ಮ ಹಟ ಹಿಡಿದಿದ್ದರಿಂದ ಅಕ್ಕನೂ ಗೊಣಗುತ್ತಲೇ ತೋಳು ಚಾಚಿದ್ದಳು. ಫಲಿತಾಂಶ ಕೇಳಲು ಮೂವರೂ ಹೋದಾಗ, ಅಪ್ಪ ಆಗಲೇ ತಂಗಿಯ ಕೈ ಹಿಡಿದು ಕೂತಿದ್ದರು.

"ಚಿಕ್ಕವಳಿಗೆ ಏನೂ ಇಲ್ಲ" ಎಂದು ಡಾಕ್ಟರಮ್ಮ ಅಕ್ಕನತ್ತ ತಿರುಗಿದರು. "ನಿಮ್ಮ ತಾಯಿಯ ವಂಶವಾಹಿಯಲ್ಲಿದ್ದ ದೋಷ ನಿಮಗೆ ಬಂದಿದೆಯಮ್ಮ."

"ಅದ್ಹೇಗೆ? ತಾಯಿ ಹಾಗಿರೋದು ಇವಳಲ್ವಾ!" ಅಪ್ಪ ಚೀರಿದರು.

"ಮುಖಕ್ಕೂ ಇದಕ್ಕೂ ಸಂಬಂಧ ಇಲ್ಲ ಯಜಮಾನ್ರೇ. ಕ್ಯಾನ್ಸರ್ ಬಂದಿದೆ ಅಂತ ಅಲ್ಲ, ಬರೋ ಸಾಧ್ಯತೆ ತುಂಬಾ ಜಾಸ್ತಿ. ಅದು ಬರೋ ಮೊದಲೇ ಜಠರ ತೆಗೆಸಿಬಿಟ್ಟರೆ ಅಪಾಯ ತಪ್ಪುತ್ತೆ. ಜಠರ ಇಲ್ಲದೆಯೂ ಬದುಕಬಹುದು."

ಅಪ್ಪ ತಂಗಿಯ ಕೈ ಬಿಟ್ಟು ಅಕ್ಕನನ್ನೇ ನೋಡಿದರು. ಅಮ್ಮನ ಹಾಸಿಗೆಯ ಬಳಿ ಕೂತು ನೋಡುತ್ತಿದ್ದ ಅದೇ ನೋಟ! ಇಷ್ಟು ವರ್ಷ ಅವಳು ಹಂಬಲಿಸಿದ್ದ ನೋಟ... ಈಗ ಅವಳಿಗೆ ಅದು ಬೇಡವಾಗಿತ್ತು.

"ಅಕ್ಕಾ, ಇದು ನಂಗೇ ಬರಬಾರದಿತ್ತಾ!" ತಂಗಿ ಅವಳನ್ನು ತಬ್ಬಿ ಬಿಕ್ಕಿದಳು.

"ಸುಮ್ನಿರೇ! ಎಲ್ಲಾ ನಿಂಗೇ ಬೇಕಾ? ಅಮ್ಮ ನಂಗೆ ಅಂತ ಕೊಟ್ಟಿರೋದು ಇದೊಂದೇ. ಇದರಲ್ಲೂ ಪಾಲು ಕೇಳ್ತೀಯಾ?" ಎಂದು ಗದರಿದ ಅಕ್ಕನ ದನಿ ಅಲ್ಲಿಗೇ ಒಡೆಯಿತು. ತಂಗಿಯ ಹೆಗಲಿಗೆ ಹಣೆಯಿಟ್ಟು, ಅಮ್ಮ ಸತ್ತ ದಿನವೂ ಅಳದವಳು ಅತ್ತಳು.

"ತೆಗೆಸ್ಕೋತೀನಿ ಡಾಕ್ಟ್ರೇ... ನಾನು ಬದುಕ್ಬೇಕು" ಎಂದು ಕಣ್ಣೊರೆಸಿಕೊಂಡು ತಂಗಿಯ ಗಲ್ಲ ಎತ್ತಿದಳು. "ಆಪರೇಷನ್ ದಿನ ನೀನು ಪಕ್ಕದಲ್ಲೇ ಇರಬೇಕು ಕಣೇ. ಕಣ್ಣು ಬಿಟ್ಟ ತಕ್ಷಣ ನಂಗೆ ಅಮ್ಮನ ಮುಖ ಕಾಣ್ಬೇಕು."