ಎರಡನೆಯ ಗುಂಡು

ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 8.10. ಯೆಮನ್ನಿನ ಇಬ್ಬ್ ಸೀಮೆಯ ಬೆಟ್ಟದ ಠಾಣೆಗೆ ಗಾಲಿಯಾ ಎಂಬ ಹೆಂಗಸು ಬಂದು, ಕಂಕುಳಲ್ಲಿದ್ದ ಬಂದೂಕನ್ನು ಮೇಜಿನ ಮೇಲೆ ಮಲಗಿಸಿದಳು. ಕೂಸನ್ನು ಮಲಗಿಸಿದ ಹಾಗೇ.

"ಇದನ್ನ ಕೆಡಿಸಿದವರು ಯಾರು ಅಂತ ಕಂಡುಹಿಡೀರಿ."

ಕಾನ್‌ಸ್ಟೇಬಲ್ ಹಿಜಾಮ್ ಪೆನ್ನು ಎತ್ತಿದ. ಅವನು ಒಂದು ಸಾಲು ಬರೆದು ಮುಗಿಸುವಷ್ಟರಲ್ಲಿ ಹುಟ್ಟಿದ ಕತ್ತೆಮರಿ ಮುದಿಯಾಗಿ ಸತ್ತು ಹೋಗುತ್ತದೆ ಎಂದು ಇಡೀ ಸಂತೆಗೇ ಗೊತ್ತು.

"ಅಮ್ಮಾ, ನಿನ್ನ ಮಗನ್ನ ಹೊಡೆದು ಕೊಂದ ಕಳ್ಳ ಭಾನುವಾರದಿಂದ ಒಳಗೇ ಬಿದ್ದಿದಾನಲ್ಲ. ಇನ್ನೇನು?"

"ಕಳ್ಳ ಒಳಗಿದಾನೆ. ಇದನ್ನ ಕೆಡಿಸಿದವನು ಹೊರಗೆ ಆರಾಮಾಗಿ ರೊಟ್ಟಿ ತಿಂತಿದಾನೆ. ನೀನು ಬರಿಯಪ್ಪಾ, ನಾನು ಸಾಯೋದ್ರೊಳಗೆ ಮುಗಿಸು."

ಇನ್ಸ್‌ಪೆಕ್ಟರ್ ದೈಫಲ್ಲಾ ಕುರ್ಚಿ ಎಳೆದುಕೊಂಡ. ಅವನ ಹುಬ್ಬು ಎಷ್ಟು ದಟ್ಟವೆಂದರೆ ಅದರಲ್ಲಿ ಎರಡು ಗುಬ್ಬಿ ಸಂಸಾರ ಹೂಡಬಹುದಿತ್ತು. ಅವತ್ತು ಆ ಹುಬ್ಬು ಮೇಲೇಳಲಿಲ್ಲ.

ಗಾಲಿಯಾಳ ಮಗ ಜಬ್ರಾನ್, ಜನ ಅಮಲಿಗೆ ಅಗಿಯುವ ಕಾತ್ ಸೊಪ್ಪಿನ ತೋಟ ಕಾಯುತ್ತಿದ್ದ. ಭಾನುವಾರ ಸಂಜೆ 5.30ಕ್ಕೆ ಪರವೂರಿನ ಕಳ್ಳನೊಬ್ಬ ನುಗ್ಗಿದ. ಜಬ್ರಾನ್ ವಾಡಿಕೆಯಂತೆ ಮೊದಲ ಗುಂಡನ್ನು ಆಕಾಶಕ್ಕೆ ಹಾರಿಸಿ ಎಚ್ಚರಿಸಿದ. ಕಳ್ಳ ತಿರುಗಿ ಇವನತ್ತಲೇ ಗುರಿ ಹಿಡಿದ. ಜಬ್ರಾನನ ಎರಡನೆಯ ಗುಂಡು ಬರಲೇ ಇಲ್ಲ.

"ಈ ಬಂದೂಕು ನಲವತ್ತು ದಿನ ಶೇಖ್ ನಾಜಿ ಮನೇಲಿ ಒತ್ತೆ ಇತ್ತು" ಎಂದಳು ಗಾಲಿಯಾ. "ಊಟೆ ನೀರಿನ ಜಗಳದಲ್ಲಿ ಶೇಖ್ ಹೇಳಿದ ತೀರ್ಮಾನಕ್ಕೆ ತಪ್ಪಲ್ಲ ಅಂತ ನಮ್ಮೋರು ಐದು ಇಟ್ರು, ಬನೀ ಮುರ್ಶಿದ್ ಕುಲದೋರು ಐದು ಇಟ್ರು. ತೀರ್ಮಾನ ಆಯ್ತು, ಹೋದ ವಾರ ವಾಪಸ್ ಬಂತು. ಹೋಗುವಾಗ ಚೆನ್ನಾಗಿತ್ತು. ನನ್ನ ಮೈದುನಂದಿರು ಹೇಳ್ತಿದಾರೆ, ಮುರ್ಶಿದ್‌ನೋರೇ ಒಳಗೆ ಕೈಯಾಡಿಸಿದಾರೆ ಅಂತ. ಶುಕ್ರವಾರದ ನಮಾಜಿನ ತನಕ ಕಾಯ್ತಾರಂತೆ. ಆಮೇಲೆ ಕಾಯಲ್ಲ."

"ನೀನು ಏನಂತೀಯಾ?"

"ನಂಗೆ ಇನ್ನೂ ಒಬ್ಬ ಮಗ ಇದಾನೆ ಸಾಹೇಬ್ರೇ."

FIR ದಾಖಲಾಯಿತು. 9.30ಕ್ಕೆ ಇಬ್ಬರು ಪಂಚರ ಎದುರು ಬಂದೂಕು ಬಿಚ್ಚಿದರು. ಹಿತ್ತಿಲ ದಿಬ್ಬಕ್ಕೆ ಪರೀಕ್ಷೆಗೆಂದು ಹೊಡೆದರೆ ಒಂದು ಗುಂಡು ಹಾರಿತು. ಎರಡನೆಯದಕ್ಕೆ ಕೈಯಿಂದಲೇ ಕೊಂಡಿ ಎಳೆಯಬೇಕಾಯಿತು. ಮುಂದಿನ ಗುಂಡು ತಾನಾಗಿ ಏರುವಂತೆ ಮಾಡುವ ಒಳಗಿನ ಪಿಸ್ಟನ್ನಿನ ತಲೆ ಸವೆದು ಸಣ್ಣಗಾಗಿತ್ತು. ಅದನ್ನು ಹಿಡಿದಿಟ್ಟ ಪಿನ್ನು ಮಾತ್ರ ಹೊಸದು. ಪಂಚನಾಮೆಯಲ್ಲಿ ಎರಡನ್ನೂ ಬರೆಸಿದ ದೈಫಲ್ಲಾ ಆ ಪಿನ್ನಿನ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತ.

ಬುಧವಾರ ಬೆಳಿಗ್ಗೆ 10ಕ್ಕೆ ಅವನು ನೇರ ಬನೀ ಮುರ್ಶಿದ್ ಹಟ್ಟಿಗೆ ಹೋದ. ಅಲ್ಲಿನ ಹಿರಿಯ ಬಾಗಿಲಲ್ಲೇ ಸಿಡಿದ.

"ಆ ಬಂದೂಕು ನಾವೇ ಕೆಡಿಸಿದ್ವಿ ಅಂತೀರಾ?"

"ನಿಮ್ಮ ಐದು ಬಂದೂಕು ತೋರಿಸಿ. ವಾಪಸ್ ಬಂದಮೇಲೆ ಹೊಡೆದು ನೋಡಿದೀರಾ?"

"ಜಗಳ ಮುಗೀತಲ್ಲ, ಯಾರಿಗೆ ಹೊಡೀಲಿ? ನಿಮಗಾ?"

ಐದನ್ನೂ ಬಿಚ್ಚಿದರು. ಐದರಲ್ಲೂ ಸವೆದ ಪಿಸ್ಟನ್, ಹೊಸ ಪಿನ್ನು. ಹಿರಿಯನ ಬಾಯಿ ತೆರೆದದ್ದು ತೆರೆದೇ ಇತ್ತು; ನೊಣವಲ್ಲ, ಒಂದು ಒಂಟೆಯೇ ಒಳಹೊಕ್ಕು ಹೊರಬರಬಹುದಿತ್ತು.

"ಹಾಗಾದ್ರೆ ಅವರೇ ನಮ್ಮದನ್ನ..."

"ಅವರದ್ದೂ ಹೀಗೇ ಆಗಿದೆ ಯಜಮಾನ್ರೇ. ಕೆಡಿಸಿದವನಿಗೆ ನೀವೂ ಒಂದೇ, ಅವರೂ ಒಂದೇ."

ಮಧ್ಯಾಹ್ನ 1ಕ್ಕೆ ಶೇಖ್ ನಾಜಿಯ ವಿಚಾರಣೆ.

"ಉಗ್ರಾಣದ ಕೀಲಿ?"

"ನನ್ನ ಕೊರಳಲ್ಲೇ. ಮಲಗಿದ್ರೂ ತೆಗೆಯಲ್ಲ. ನನ್ನ ಹೆಂಡ್ತೀನೇ ಕೇಳಿ, ಬೈತಾಳೆ."

"ನಲವತ್ತು ದಿನ ಬಂದೂಕು ಹೊರಗೆ ಹೋಗೇ ಇಲ್ವಾ?"

"ಕೊನೇ ಮೂರು ದಿನ ಹೋಗಿದ್ವು. ಒತ್ತೆ ಮಾಲು ತುಕ್ಕು ಹಿಡಿಸಿ ಕೊಟ್ರೆ ನನ್ನ ಗಡ್ಡಕ್ಕೇ ಅವಮಾನ ಅಲ್ವಾ? ಹತ್ತನ್ನೂ ಒರೆಸಿ ಎಣ್ಣೆ ಹಾಕೋಕೆ ಬಂದೂಕು ರಿಪೇರಿ ಮಾಡೋ ಉಸ್ತಾ ಮುಕ್ಬಿಲ್‌ಗೆ ಕಳಿಸಿದ್ದೆ. ಎಲ್ಲಾ ಒತ್ತೆನೂ ಅವನ ಹತ್ರಾನೇ ಹೋಗೋದು. ಐದಾರು ವರ್ಷದಿಂದ."

ದೈಫಲ್ಲಾನ ಕೈಯಲ್ಲಿದ್ದ ಚಹಾ ಆರಿಹೋಯಿತು.

ಗುರುವಾರ ಬೆಳಿಗ್ಗೆ 11. ಮುಕ್ಬಿಲ್‌ನ ಅಂಗಡಿ ಒಬ್ಬ ಕೆಮ್ಮಿದರೆ ಇನ್ನೊಬ್ಬ ಹೊರಗೆ ಬೀಳುವಷ್ಟು ಇಕ್ಕಟ್ಟು. ಆದರೆ ಅವನು ಎಣ್ಣೆ ಹಾಕಿದ ಬಂದೂಕಿನ ಮೇಲೆ ಇರುವೆ ನಡೆದರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತದೆ ಎನ್ನುತ್ತಿದ್ದರು.

"ಒಂದು ಒಳ್ಳೇ ಪಿಸ್ಟನ್ ಆರಿಸಿ ಕೊಡು ಉಸ್ತಾ."

ಮುದುಕ ಹತ್ತಾರನ್ನು ಗಾಜಿನ ತುಂಡಿನ ಮೇಲೆ ಉರುಳಿಸಿ, ಒಂದನ್ನು ಎತ್ತಿದ. "ಹೊಸದು, ಹೊಳೆಯೋದು ಅಂತ ಆರಿಸಬಾರದು ಸಾಹೇಬ್ರೇ. ನೆಟ್ಟಗಿರಬೇಕು, ತಲೆ ತುಂಬಿರಬೇಕು. ಸವೆದ್ರೆ ಹೊಗೆ ಪಕ್ಕದಲ್ಲೇ ನುಸುಳಿ ಹೋಗುತ್ತೆ, ಹಿಂದಕ್ಕೆ ತಳ್ಳೋ ಬಲ ಉಳಿಯಲ್ಲ. ಒಂದು ಗುಂಡಿಗೇ ನಿಂತುಬಿಡುತ್ತೆ."

ದೈಫಲ್ಲಾ ಜೇಬಿನಿಂದ ಜಬ್ರಾನನ ಬಂದೂಕಿನದನ್ನು ತೆಗೆದಿಟ್ಟ. "ಇದು?"

"ಬಿಸಾಕಿ."

"ಬಿಸಾಕೋ ಮಾಲಿಗೆ ಹೊಸ ಪಿನ್ನು ಹೊಡೆದು, ಅದರ ತಲೇನ ಬೆರಳಿಗೂ ಸಿಗದ ಹಾಗೆ ನುಣ್ಣಗೆ ಯಾರು ಉಜ್ಜಿದ್ರು? ಬರೀ ಕೆಡಿಸೋಕೆ ಬಂದವನು ಎರಡು ಏಟು ಹೊಡೆದು ಹೋಗ್ತಿದ್ದ. ಇದು ಕಸಬುದಾರನ ಕೈ."

ಮುಕ್ಬಿಲ್ ಇನ್ನೊಂದು ಕೈಯಲ್ಲಿದ್ದ ಅರ ಕೆಳಗಿಟ್ಟ.

"ಒರಟಾಗಿ ಬಿಡೋಕೆ ಕೈ ಬರ್ಲಿಲ್ಲ."

"ಯಾಕೆ ಮಾಡಿದೆ?"

"ನನ್ನ ಮಗ ವಹೀಬ್. ಸತ್ತು ಆರು ವರ್ಷ ಆಯ್ತು. ಬದುವಿನ ಜಗಳ. ಎದುರಿನವನ ಮೊದಲನೇ ಗುಂಡು ಆಕಾಶಕ್ಕೆ ಹೋಯ್ತು, ನನ್ನ ಮಗ ನಕ್ಕನಂತೆ. ಎರಡನೇದು ಅವನಿಗೇ ಬಂತು. ಹೊಡೆದೋನು ಆಮೇಲೆ ಎಲ್ಲರ ಮುಂದೆ ಅತ್ತ, ಒಂದು ಉಸಿರು ತಗೊಳ್ಳೋಕೆ ಪುರುಸೊತ್ತು ಸಿಕ್ಕಿದ್ರೆ ಹೊಡೀತಿರ್ಲಿಲ್ಲ ಅಂತ. ಪುರುಸೊತ್ತು ಸಿಗ್ಲಿಲ್ಲ. ಆ ಬಂದೂಕಿಗೆ ಹಿಂದಿನ ದಿನವೇ ನಾನು ಹೊಸ ಪಿಸ್ಟನ್ ಹಾಕಿದ್ದೆ. ಬೆಣ್ಣೆ ಥರ ಓಡ್ತಿತ್ತು."

ಸವೆದ ಪಿಸ್ಟನ್ನನ್ನು ಗಾಜಿನ ಮೇಲೆ ಉರುಳಿಸುತ್ತಾ ಅವನೇ ಅಂದ: "ಮೊದಲನೇದು ಸಿಟ್ಟಿಗೆ ಸಾಹೇಬ್ರೇ. ಕೊಲ್ಲೋದು ಎರಡನೇದು. ಅದಕ್ಕೇ ಒತ್ತೆಗೆ ಬಂದದ್ದಕ್ಕೆಲ್ಲಾ ಒಂದೇ ಗುಂಡು ಉಳಿಸಿದೆ."

11.40ಕ್ಕೆ ದಸ್ತಗಿರಿ. ಹಿಜಾಮ್ ಬೇಡಿ ಹಾಕುವಾಗ ಮುದುಕನೇ ಕೈ ಚಾಚಿದ.

ಶುಕ್ರವಾರ ನಮಾಜಿಗೆ ಮೊದಲು ಎರಡೂ ಕುಲದ ಹಿರಿಯರನ್ನು ಠಾಣೆಗೆ ಕರೆಸಿ, ಗಾಲಿಯಾಳ ಕುಲದ ಉಳಿದ ನಾಲ್ಕು ಬಂದೂಕನ್ನೂ ಬಿಚ್ಚಿ, ಹತ್ತೂ ಪಿಸ್ಟನ್‌ಗಳನ್ನು ಸಾಲಾಗಿ ಇಟ್ಟು ತೋರಿಸಿದರು. ಬಂದ ಹಾಗೇ ಬೇರೆ ಬೇರೆ ದಾರಿಯಲ್ಲಿ ಹೋದರು. ಗಾಲಿಯಾ ಮಾತ್ರ ಉಳಿದಳು. ಲಾಕಪ್ಪಿನ ಸರಳಿನ ಹತ್ತಿರ ನಿಂತು ಕೇಳಿದಳು:

"ಅಣ್ಣಾ, ನಿನ್ನ ಮಗನಿಗೆ ಬಂದ ಎರಡನೇ ಗುಂಡು ಬೇರೆ, ನನ್ನ ಮಗನಿಗೆ ಬೇಕಾಗಿದ್ದ ಎರಡನೇ ಗುಂಡು ಬೇರೆ. ಬಂದೂಕು ಬಿಚ್ಚಿದಾಗ ನಿನಗೆ ಹೇಗೆ ಗೊತ್ತಾಗ್ತಿತ್ತು, ಯಾವುದು ಯಾವುದು ಅಂತ?"

ಮುಕ್ಬಿಲ್ ಎಣ್ಣೆಗಪ್ಪು ಹತ್ತಿದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ.

ದೈಫಲ್ಲಾ ದೂರುದಾರಳ ಹೆಬ್ಬೆಟ್ಟು ಒತ್ತಿಸಲು ಹೇಳಿಕೆಯ ಕಾಗದವನ್ನು ಗಾಲಿಯಾಳ ಮುಂದಿಟ್ಟ. ಆರೋಪಿಯ ಉದ್ದೇಶ ಎಂಬಲ್ಲಿ ಹಿಜಾಮ್ ಒಂದು ಸಾಲು ತುಂಬಿದ್ದ.

"ಅಲ್ಲೇನು ಬರೆದಿದೆ? ಓದಿ" ಎಂದಳು ಗಾಲಿಯಾ.

"ಜೀವ ಉಳಿಸುವುದು" ಎಂದು ಓದಿದ ದೈಫಲ್ಲಾ. "ತಪ್ಪು ಅನ್ನಿಸಿದ್ರೆ ಹೇಳಮ್ಮಾ, ತಿದ್ದಿಸ್ತೀನಿ."

ಗಾಲಿಯಾ ಆ ಸಾಲನ್ನೇ, ಓದಲು ಬರುವವಳ ಹಾಗೆ, ದಿಟ್ಟಿಸಿ ನೋಡಿದಳು. ಆಮೇಲೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು, ಕೆಳಗೆ ಒತ್ತಿದಳು.