ನೆಟ್ಟಗಾದ ತುಟಿ

"ಅಮ್ಮಾ, ಸಂಜೆಯೊಳಗೆ ಜಾಗ ಖಾಲಿ ಮಾಡು ಅಂದುಬಿಟ್ರು. ನಾನು ಆ ಚಿತ್ರ ಮುಟ್ಟಿಲ್ಲ, ದೇವರಾಣೆ," ಎಂದು ಆ ಹುಡುಗಿ ನಮ್ಮ ಹೊಸಿಲ ಮೇಲೆಯೇ ಕುಸಿದು ಕೂತಳು.

ಅತ್ತಿಗೆ ಕಣ್ಮುಚ್ಚಿ ಪ್ರಾರ್ಥನೆಗೆ ಕುಳಿತಿದ್ದರು. ಅಣ್ಣ ತೀರಿಕೊಂಡ ಮೇಲೆ ನಾವು ಅತ್ತಿಗೆ ನಾದಿನಿ ಒಂದೇ ಮನೆಯಲ್ಲಿದ್ದೆವು. ಯಾರ ಮನೆಯಲ್ಲಿ ಏನು ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಬೀದಿಯವರು ಅತ್ತಿಗೆಯನ್ನು ಹುಡುಕಿಕೊಂಡು ಬರುವುದು ರೂಢಿಯಾಗಿತ್ತು. ಅವರು ಹೊರಟಾಗಲೆಲ್ಲ ನಾನೂ ಜೊತೆಗೆ ಹೊರಡುತ್ತಿದ್ದೆ. ಅತ್ತಿಗೆ ಪ್ರಾರ್ಥನೆ ಮುಗಿಸಿ, ಹುಡುಗಿಗೆ ನೀರು ಕೊಟ್ಟು, "ಅಳೋದು ಆಮೇಲೆ ಇದ್ದದ್ದೇ. ಮೊದಲು ಹೇಳು," ಎಂದರು.

ಅವಳು ಹಿಂದಿನ ಬೀದಿಯ ಮುದಿ ಚಿತ್ರಗಾರರ ಶಿಷ್ಯೆ. ಅವರ ಮನೆಯಲ್ಲೇ ಇದ್ದು ಕಲಿಯುತ್ತಿದ್ದಳು. ಚಿತ್ರಗಾರರು ವರ್ಷಕ್ಕೊಮ್ಮೆ ಕನ್ನಡಿಯ ಮುಂದೆ ಕೂತು ತಮ್ಮ ಮುಖವನ್ನೇ ಬರೆಯುವವರು. ಹೋದ ವರ್ಷ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ಆದರೂ ಹಟ ಬಿಡದೆ ಎಡಗೈಯಲ್ಲಿ ಕುಂಚ ಹಿಡಿದು, ಆ ಸೊಟ್ಟ ಬಾಯಿಯನ್ನು ಇದ್ದ ಹಾಗೆಯೇ ಬರೆದು ಮುಗಿಸಿದ್ದರು. ಇನ್ನು ಬರೆಯಲು ಆ ಕೈಗೂ ತ್ರಾಣವಿರಲಿಲ್ಲ. ಎಲ್ಲ ವರ್ಷಗಳ ಮುಖಗಳನ್ನೂ ಸಾಲಾಗಿ ತೂಗುಹಾಕಿ ಪ್ರದರ್ಶನ ನಡೆಸುವುದೆಂದು ನಿಶ್ಚಯವಾಗಿತ್ತು. ಆ ದಿನ ಬೆಳಿಗ್ಗೆ ನೋಡಿದರೆ ಕೊನೆಯ ಚಿತ್ರದ ಮುಖದ ಮೇಲೆ ಯಾರೋ ಬೇರೆ ಮುಖ ಬರೆದಿದ್ದರು. ತುಟಿ ನೆಟ್ಟಗಿತ್ತು.

"ನಿನ್ನ ಮೇಲೇ ಯಾಕೆ ಅನುಮಾನ?"

"ಮೊನ್ನೆ ನಾನೇ ಅಂದಿದ್ದೆ, 'ಮೇಷ್ಟ್ರೇ, ತುಟಿ ಒಂಚೂರು ಸರಿ ಮಾಡಬಹುದಲ್ವಾ' ಅಂತ. ಬೈಸಿಕೊಂಡೆ. ಅವರ ಮಗ ಕೇಳಿಸಿಕೊಂಡಿದ್ರು. ಈ ಅಪವಾದ ಹೊತ್ಕೊಂಡು ಹೋದ್ರೆ ಇನ್ಯಾರು ನನ್ನನ್ನ ಶಿಷ್ಯೆ ಅಂತ ಸೇರಿಸ್ತಾರೆ?"

ನಾವು ಹೋದಾಗ ಚಿತ್ರಗಾರರು ಬೆಳಕಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದರು. ಅವರ ಹೆಂಡತಿ ನಮ್ಮನ್ನು ಒಳಗೆ ಕರೆದು, ಹಾದುಹೋಗುವಾಗಲೇ ಬಗ್ಗಿ ಗಂಡನ ಅಂಗಿಯ ಕತ್ತಿನ ಗುಂಡಿ ಹಾಕಿದರು. ಚಿತ್ರಗಾರರು ಎಡಗೈಯಲ್ಲಿ ತಡಕಾಡಿ ಅದನ್ನು ಬಿಚ್ಚಿಕೊಂಡರು.

"ಶೀತ ಆಗುತ್ತೆ."

"ಉಸಿರು ಕಟ್ಟುತ್ತೆ ಮಾರಾಯ್ತಿ," ಎಂದು ತೊದಲಿದರು.

ಮಗ ಫೋಟೋಗ್ರಾಫರ್. ಹುಡುಗಿಯನ್ನು ಕಂಡವನೇ ಮುಖ ಗಂಟಿಕ್ಕಿಕೊಂಡ. "ಈ ಮನೇಲಿ ಬ್ರಷ್ ಹಿಡಿಯೋರು ಇಬ್ಬರು. ಅಪ್ಪನ ಕೈಲಿ ಆಗಲ್ಲ. ಉಳಿದೋರು ಯಾರು, ನೀವೇ ಹೇಳಿ."

"ನೀನು ಬರೆಯಲ್ವೇನಪ್ಪ?"

"ನಾನಾ? ಚಿಕ್ಕವನಿದ್ದಾಗ ಆನೆ ಬರೆದು ತೋರಿಸಿದ್ದೆ. ಅಪ್ಪ ನೋಡಿ, ಸೌತೆಕಾಯಿ ಚೆನ್ನಾಗಿ ಬಂದಿದೆ ಅಂದ್ರು. ಅವತ್ತೇ ಕ್ಯಾಮೆರಾ ಹಿಡಿದೆ."

ಚಿತ್ರಗಾರರ ಸೊಟ್ಟ ಬಾಯಿಯ ಒಂದು ಕೊನೆ ನಕ್ಕಿತು.

ಗೋಡೆಯುದ್ದಕ್ಕೂ ಅವರದೇ ಮುಖಗಳು. ಕಪ್ಪು ಕೂದಲಿನವರು, ನರೆತವರು, ಮೀಸೆ ಬಿಟ್ಟವರು, ಬೋಳಿಸಿದವರು. ಎಲ್ಲರ ಕತ್ತಿನ ಗುಂಡಿಯೂ ಬಿಚ್ಚಿತ್ತು. ಎಲ್ಲರ ಕೆನ್ನೆಯ ಮಚ್ಚೆಯೂ ಚಿತ್ರದ ಎಡಬದಿಗಿತ್ತು. ಮಗ ತೆಗೆದ ಒಂದೇ ಒಂದು ಫೋಟೋದಲ್ಲಿ ಮಾತ್ರ ಅದು ಬಲಬದಿಗಿತ್ತು. ಅತ್ತಿಗೆ ಒಂದೊಂದರ ಮುಂದೆಯೂ ನಿಂತರು, ಪಾರಾಯಣ ಮಾಡುವವರ ಹಾಗೆ.

ಕೊನೆಯದು ಸ್ಟ್ಯಾಂಡಿನ ಮೇಲಿತ್ತು. ತೈಲವರ್ಣ ಇನ್ನೂ ಹಸಿ. ನುಣುಪಾದ ಕೆಲಸ, ತುಂಬು ಗಲ್ಲ, ಶಾಂತವಾದ ತುಟಿ. ಕತ್ತಿನವರೆಗೂ ತಿದ್ದಿದ್ದರು. ಅಂಗಿಯ ಗುಂಡಿ ಹಾಕಿತ್ತು. ಮಚ್ಚೆ ಚಿತ್ರದ ಬಲಬದಿಗಿತ್ತು.

"ಬಣ್ಣ ಕಲಸೋದು ಯಾರು?" ಎಂದು ಅತ್ತಿಗೆ ಕೇಳಿದರು.

"ನಾನೇ. ಮದುವೆಯಾದಾಗಿನಿಂದ," ಎಂದರು ಹೆಂಡತಿ.

ಆಮೇಲೆ ಅತ್ತಿಗೆ ನೀರು ಬೇಕೆಂದು ಅಡುಗೆಮನೆಗೆ ನಡೆದರು. ಅಲ್ಲಿ ಒಲೆಯ ಪಕ್ಕ, ಹೊಗೆ ಹಿಡಿದ ಪುಟ್ಟ ಚಿತ್ರವೊಂದಿತ್ತು. ಕಿಟಕಿಯ ಬೆಳಕಿನಲ್ಲಿ ಒಂದು ತಂಬಿಗೆ. ಮೂಲೆಯಲ್ಲಿ ಸಹಿ ಇರಲಿಲ್ಲ.

"ಇದು ಯಾರು ಬರೆದದ್ದು ತಾಯಿ?"

"ಅಯ್ಯೋ, ಅದಾ? ಮದುವೆಗೆ ಮುಂಚಿನದು. ಬಿಸಾಕೋಕೆ ಮನಸ್ಸಾಗಲಿಲ್ಲ," ಎಂದು ಅವರು ಲೋಟ ತೊಳೆಯತೊಡಗಿದರು.

ಅತ್ತಿಗೆ ನೀರು ಕುಡಿದು, "ಎಲ್ಲರೂ ಒಂದು ಗಳಿಗೆ ಕೂತ್ಕೊಳ್ಳಿ," ಎಂದರು. ಬೆಳಕಿನ ಕೋಣೆಯಲ್ಲಿ ಸೇರಿದೆವು. ಹುಡುಗಿ ಮಾತ್ರ ಬಾಗಿಲಲ್ಲೇ ನಿಂತಳು.

"ಒಳಗೆ ಬಾ. ತಪ್ಪು ಮಾಡದೋರು ಹೊರಗೆ ನಿಲ್ಲಬಾರದು," ಎಂದು ಅತ್ತಿಗೆ ಶುರುಮಾಡಿದರು. "ಮೇಷ್ಟ್ರು ತಮ್ಮನ್ನ ನೋಡಿಕೊಂಡದ್ದು ಕನ್ನಡಿಯಲ್ಲಿ. ಎಡಗೆನ್ನೆಯ ಮಚ್ಚೆ ಕನ್ನಡಿಯಲ್ಲಿ ಅವರಿಗೆ ಎಡಕ್ಕೇ ಕಾಣುತ್ತೆ. ಅದಕ್ಕೇ ಅವರ ಎಲ್ಲಾ ಚಿತ್ರದಲ್ಲೂ ಎಡಕ್ಕಿದೆ. ಎದುರಿಗೆ ನಿಂತೋರಿಗೆ ಅದು ಬಲಕ್ಕೆ ಕಾಣುತ್ತೆ, ಆ ಫೋಟೋದಲ್ಲಿ ಇರೋ ಹಾಗೆ. ಈ ಹೊಸ ಮುಖದ ಮಚ್ಚೆ ಬಲಕ್ಕಿದೆ. ಬರೆದೋರು ಮೇಷ್ಟ್ರಲ್ಲ. ನಡುಗೋ ಎಡಗೈಯಲ್ಲಿ ಇಷ್ಟು ನುಣುಪು ಬರೋದೂ ಇಲ್ಲ. ಮಗೂ, ನೀನು ಮೇಷ್ಟ್ರ ಮುಖ ಹೇಗೆ ಕಲಿತೆ?"

"ಈ ಗೋಡೆಯ ಚಿತ್ರಗಳನ್ನೇ ನಕಲು ಮಾಡಿ ಮಾಡಿ. ಕಣ್ಮುಚ್ಚಿ ಬರೆದ್ರೂ ಮಚ್ಚೆ ಎಡಕ್ಕೇ ಬರುತ್ತೆ."

"ಹಾಗಾದ್ರೆ ನಾನು ಅಂತೀರಾ?" ಎಂದು ಮಗ ಎದ್ದ.

"ಕೂತ್ಕೊ. ಇದು ಸೌತೆಕಾಯಿ ಅಲ್ಲ," ಎಂದರು ಅತ್ತಿಗೆ. "ಬರೆದೋರು ಇವರನ್ನ ದಿನಾ ಎದುರಿಗೆ ಕೂತು ನೋಡಿದೋರು. ಮೊದಲು ಹಳೇ ಮುಖದ ಮೇಲೆಲ್ಲ ಬಣ್ಣ ಬಳಿದಿದ್ದಾರೆ, ನೋಡೋಕಾಗದೆ. ಆಮೇಲೆ ಮನಸ್ಸಲ್ಲಿದ್ದ ಮುಖ ಬರೆದಿದ್ದಾರೆ. ಅದರಲ್ಲೇ ಮಚ್ಚೆ ಪಕ್ಕ ಬದಲಾಯಿಸಿದೆ. ಮುಖ ಸರಿಮಾಡಿದ ಮೇಲೆ ಅವರ ಕೈ ಸುಮ್ಮನಿರಲಿಲ್ಲ. ಗುಂಡಿಯನ್ನೂ ಹಾಕಿಬಿಡ್ತು. ಆ ತಂಬಿಗೆ ಬರೆದದ್ದೂ ಅದೇ ಕೈ, ಅಲ್ವಾ ತಾಯಿ?"

ಹೆಂಡತಿ ಸೆರಗನ್ನು ಬೆರಳಿಗೆ ಸುತ್ತುತ್ತಾ ಕೂತರು.

"ಅಮ್ಮಾ, ನೀನು ಬರೀತೀಯಾ?" ಮಗನ ಬಾಯಿ ತೆರೆದೇ ಇತ್ತು.

"ಬರೀತಿದ್ದೆ. ಒಂದು ಮನೇಲಿ ಇಬ್ಬರು ಕೂತು ಬರೆದ್ರೆ ಒಲೆ ಹಚ್ಚೋರು ಯಾರು?" ಎಂದರು ಆಕೆ. "ಊರಿನೋರೆಲ್ಲ ಬಂದು ಆ ಸೊಟ್ಟ ಬಾಯಿ ನೋಡಿ ಅಯ್ಯೋ ಪಾಪ ಅಂತಾರಲ್ಲ ಅಂತ ಕರುಳು ಹಿಂಡಿತು. ಅಪವಾದ ಈ ಮಗು ಮೇಲೆ ಬಂದಾಗ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ." ಹುಡುಗಿಯ ಕಡೆ ತಿರುಗಿ ಕೈ ಜೋಡಿಸಹೋದರು. ಅವಳು ಓಡಿಬಂದು ಆ ಕೈ ಹಿಡಿದುಕೊಂಡಳು. ಮಗನೂ ಹುಡುಗಿಗೆ ತಗ್ಗಿದ ದನಿಯಲ್ಲಿ, "ತಪ್ಪಾಯ್ತಮ್ಮ, ದುಡುಕಿದೆ," ಎಂದ.

ಚಿತ್ರಗಾರರು ಬಹಳ ಹೊತ್ತು ಸ್ಟ್ಯಾಂಡಿನ ಕಡೆ ನೋಡಿದರು. "ಚೆನ್ನಾಗಿ ಬರೆದಿದ್ದೀಯ," ಎಂದರು ನಿಧಾನವಾಗಿ. "ಆದ್ರೆ ಅದು ನಾನಲ್ಲ. ವರ್ಷದಿಂದ ನೀನು ನನ್ನ ಗುಂಡಿ ನೋಡ್ತೀಯ, ಮುಖ ನೋಡಲ್ಲ."

"ಹಸಿ ಇರೋವಾಗಲೇ ಟರ್ಪೆಂಟೈನ್ ಹಾಕಿ ಒರೆಸಿದ್ರೆ ಮೇಲಿನ ಬಣ್ಣ ಹೋಗುತ್ತೆ. ಕೆಳಗಿನದು ಒಣಗಿ ತಿಂಗಳುಗಳಾಗಿವೆ," ಎಂದಳು ಹುಡುಗಿ.

ಬಟ್ಟೆಯನ್ನು ಹೆಂಡತಿಯೇ ತೆಗೆದುಕೊಂಡರು. ಗಲ್ಲ ಹೋಯಿತು, ಶಾಂತವಾದ ತುಟಿ ಹೋಯಿತು. ಒರಟು ಗೆರೆಗಳ ನಡುವೆ ಸೊಟ್ಟ ಬಾಯಿ ಮೆಲ್ಲಗೆ ಮೇಲೆ ಬಂತು. ಆಕೆ ಕಣ್ಣು ತೆಗೆಯಲಿಲ್ಲ. ಚಿತ್ರವನ್ನು ನೋಡಿ, ಗಂಡನನ್ನು ನೋಡಿ, ಮತ್ತೆ ಚಿತ್ರವನ್ನು ನೋಡಿದರು.

"ಹೂಂ. ಇದೂ ನೀವೇ," ಎಂದರು.

"ಬರೆಯೋದು ನಿಲ್ಲಿಸು ಅಂತ ನಾನಂತೂ ಹೇಳಿರಲಿಲ್ಲ," ಎಂದರು ಚಿತ್ರಗಾರರು.

"ಬರಿ ಅಂತಲೂ ಹೇಳಿರಲಿಲ್ಲ."

ಅತ್ತಿಗೆ ನನಗೆ ಕಣ್ಸನ್ನೆ ಮಾಡಿ ಎದ್ದರು. ಬಾಗಿಲು ದಾಟುವಾಗ ಒಳಗಿನ ಮಾತು ಕೇಳಿಸಿತು.

"ನಾಳೆ ನನಗೊಂದು ಸಣ್ಣ ಕ್ಯಾನ್ವಾಸ್ ಕಟ್ಟಿಕೊಡ್ತೀಯೇನೇ?"

"ಕಟ್ತೀನಿ ಅಮ್ಮಾವ್ರೇ. ಯಾರನ್ನ ಬರೀತೀರಾ?"

"ನನ್ನನ್ನೇ. ಹೇಗಿದ್ದೀನೋ, ಕೂತು ನೋಡ್ಬೇಕು."