ತೊಯ್ದ ಸೌದೆ

ಗುಡ್ಡದ ಮೇಲೆ ಕಾವಲುಗಾರ ಕೋಕರ್ ಸತ್ತು ಬಿದ್ದಿದ್ದಾನೆಂಬ ಸುದ್ದಿ ಬಂದಾಗ ಕ್ಯಾಪ್ಟನ್ ಪೆವರೆಲ್ ನಮ್ಮ ಡಾರ್ಸೆಟ್ ಸೀಮೆಯ ಗಂಡಸರಿಗೆ ಈಟಿ ಹಿಡಿಯುವುದನ್ನು ಕಲಿಸುತ್ತಿದ್ದರು. ಸ್ಪೇನಿನ ಹಡಗುಗಳು ಯಾವ ದಿನವಾದರೂ ನಮ್ಮ ತೀರಕ್ಕೆ ದಂಡೆತ್ತಿ ಬರಬಹುದಿತ್ತು. ಅವು ಕಂಡೊಡನೆ ಗುಡ್ಡದ ಮೇಲೆ ಪೇರಿಸಿಟ್ಟ ಸೌದೆಗೆ ಕಾವಲುಗಾರ ಬೆಂಕಿ ಇಡಬೇಕು. ಬೆಂಕಿ ಕಂಡರೆ ಊರಿನ ಪಡೆ ಹೊರಡಬೇಕು. ಇದು ರಾಣಿಯ ಅಪ್ಪಣೆ.

ಪೆವರೆಲರ ಹಳೆಯ ಜೊತೆಗಾರನಾದ ನಾನೂ ಗುಡ್ಡ ಹತ್ತಿದೆ. ಕೋಕರನ ತಲೆ ಕಲ್ಲಿಗೆ ಬಡಿದು ಒಡೆದಿತ್ತು. ಆದರೆ ಯಾರೋ ಅವನ ಕಣ್ಣು ಮುಚ್ಚಿ, ಗದ್ದದವರೆಗೆ ಕಂಬಳಿ ಹೊದಿಸಿದ್ದರು. ಪಕ್ಕದಲ್ಲಿ ಅರ್ಧ ತಿಂದ ರೊಟ್ಟಿ, ಇನ್ನೂ ಮೆತ್ತಗಿತ್ತು. ಎಷ್ಟೋ ದಿನಗಳಿಂದ ಮಳೆಯಿಲ್ಲ; ಸೌದೆ ಮಾತ್ರ ತೊಯ್ದು ತೊಪ್ಪೆಯಾಗಿತ್ತು. ಪೆವರೆಲ್ ಒಂದು ಕಡ್ಡಿ ಮುರಿದು ನಾಲಗೆಗೆ ಹಚ್ಚಿದರು.

ಕೆಳಗೆ ಜನ ಆಗಲೇ ಯಾನ್ ಎಂಬ ಪರದೇಶಿ ಬೆಸ್ತನನ್ನು ಕಟ್ಟಿಹಾಕಿದ್ದರು.

"ಕಡಲಿಂದ ಬಂದೋನು ಇವನೊಬ್ನೇ. ಸ್ಪೇನಿನೋರ ಗೂಢಚಾರ, ಇನ್ನೇನು ಬೇಕು?" ಎಂದ ಕಮ್ಮಾರ ಸ್ಟಿಬ್ಸ್.

ಕೋಕರನ ತಂಗಿ ಥಾಮಸಿನ್ ಚರ್ಚಿನ ಬಾಗಿಲಲ್ಲಿ ನಿಂತಿದ್ದಳು. ದಿನವೂ ಅಣ್ಣನಿಗೆ ನೀರು, ರೊಟ್ಟಿ ಒಯ್ಯುತ್ತಿದ್ದವಳು ಅವಳೇ.

"ನಿನ್ನೆ ಮಂಡಿನೋವು, ಧಣಿ. ನಾನು ಗುಡ್ಡ ಹತ್ಲೇ ಇಲ್ಲ," ಎಂದಳು.

ಅವಳ ಹಿರಿಯ ಮಕ್ಕಳಿಬ್ಬರೂ ರಾಣಿಯ ಯುದ್ಧಗಳಲ್ಲಿ ಸತ್ತಿದ್ದರು. ಉಳಿದವನು ಹ್ಯೂ, ಈಟಿಯ ಸಾಲಿನಲ್ಲಿದ್ದ.

ಪೆವರೆಲ್ ಎಲ್ಲರನ್ನೂ ಚರ್ಚಿನೊಳಗೆ ಕೂರಿಸಿದರು.

"ಕಡಲಿಂದ ಬಂದೋನು ಉಪ್ಪುನೀರು ತರ್ತಾನೆ. ಸೌದೆ ಮೇಲೆ ಉಪ್ಪಿನ ರುಚಿಯೇ ಇಲ್ಲ, ಅದು ನಮ್ಮ ಬಾವಿ ನೀರು. ಸ್ಟಿಬ್ಸ್, ಗುಡ್ಡದ ದಾರಿ ಇರೋದು ನಿನ್ನ ಕುಲುಮೆ ಮುಂದೇನೇ. ಈ ಯಾನ್ ಅಲ್ಲಿ ನೀರು ಹೊತ್ಕೊಂಡು ಹೋದ್ರೆ ಬಿಡ್ತಿದ್ಯಾ?"

"ಕಾಲು ಮುರೀತಿದ್ದೆ."

"ದಿನಾ ಹೊರೋರು ಹೊತ್ರೆ?"

ಸ್ಟಿಬ್ಸ್ ಥಾಮಸಿನ್ ಕಡೆ ತಿರುಗಿದ.

"ಶತ್ರು ಕೊಂದು ಕಣ್ಣು ಮುಚ್ಚಲ್ಲ, ಕಂಬಳಿ ಹೊದಿಸಲ್ಲ. ಪ್ರೀತಿ ಇದ್ದೋರು ಮಾಡೋ ಕೆಲ್ಸ ಅದು. ಥಾಮಸಿನ್, ನೀನು ಹತ್ಲಿಲ್ಲ ಅಂದ್ರೆ ಆ ಮೆತ್ತನೆ ರೊಟ್ಟಿ ಹೇಗೆ ಹತ್ತಿತು?"

ಅವಳು ಅಳಲಿಲ್ಲ. "ಬೆಂಕಿ ಹತ್ತದಿದ್ರೆ ಹ್ಯೂ ಯುದ್ಧಕ್ಕೆ ಹೋಗ್ಬೇಕಾಗಲ್ಲ ಅಂದ್ಕೊಂಡೆ. ನೀರು ಸುರಿಯೋವಾಗ ಅಣ್ಣ ಕೈ ಹಿಡ್ದ. ತಳ್ದೆ. ಏಳ್ತಾನೆ ಅಂತ ಕಾದೆ. ಏಳ್ಲಿಲ್ಲ."

ಪೆವರೆಲ್ ಯಾನ್‌ನ ಕಟ್ಟು ತಾವೇ ಬಿಚ್ಚಿದರು. ಗುಡ್ಡಕ್ಕೆ ಒಣ ಸೌದೆ ಏರಿತು. ಸ್ವಲ್ಪ ದಿನದಲ್ಲೇ ಹಡಗುಗಳು ಕಂಡವು; ಬೆಂಕಿ ಹತ್ತಿತು; ಹ್ಯೂ ಹೊರಟ. ಗಾಳಿ ಆ ಹಡಗುಗಳನ್ನು ಮುಂದಕ್ಕೆ ಒಯ್ದಿತು. ನಮ್ಮ ತೀರದಲ್ಲಿ ಒಬ್ಬ ಶತ್ರುವೂ ಇಳಿಯಲಿಲ್ಲ.

ಹ್ಯೂ ಮೈಮೇಲೆ ಒಂದು ಗೀರೂ ಇಲ್ಲದೆ ಮರಳಿದ. ಅಷ್ಟರಲ್ಲಿ ಅವನ ತಾಯಿಯನ್ನು ಗಲ್ಲಿಗೇರಿಸಿದ್ದರು. ಪೆವರೆಲ್ ಅದನ್ನು ಹೇಳಿದಾಗ ಅವನು ಈಟಿಯನ್ನು ಗೋಡೆಗೆ ಒರಗಿಸಿ, ನನ್ನ ಕಡೆ ನೋಡಿ ಕೇಳಿದ: "ತಿನ್ನೋಕೆ ಏನಾದ್ರೂ ಇದ್ಯಾ?"